ಕೆಚ್ಚಲು ಬಾವಿಗೆ ಲೋಳೆಸರದ ಮದ್ದು – ಮಾಡಿ ನೋಡಿದವರು ಸಹಾಯ ಮಾಡಿ

ಎಲ್ಲರಿಗೂ ನಮಸ್ಕಾರ. ನಮ್ಮದು ಮಂಡ್ಯ ಕಡೆ. ಮೂರನೇ ಕರು ಹಾಕಿರುವ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಷಿಯನ್ ತಳಿ) ಹಸುವಿಗೆ ಕೆಚ್ಚಲು ಬಾವು ಆಗಿದೆ. ಹಿಂದಿನ ಬಲ ತೊಟ್ಟಿನ ಹಾಲನ್ನು ಕಪ್ಪು ಬಟ್ಟೆ ಮೇಲೆ ಹಿಂಡಿದರೆ ಮೊಸರಿನ ಹಾಗೆ ಬಿಳಿ ಗರಣೆ ನಿಲ್ಲುತ್ತದೆ. ಮುಟ್ಟಿದರೆ ಕಾಲು ಝಾಡಿಸುತ್ತಾಳೆ, ಪಾಪ. ಡಾಕ್ಟರ್ ಆ್ಯಂಟಿಬಯಾಟಿಕ್ ಟ್ಯೂಬ್ ಹಾಕಿದ್ದರು. ವಾಸಿಯಾಗಿ 20 ದಿನಕ್ಕೆ ಮತ್ತೆ ಬಂತು.

ಎನ್‌ಡಿಡಿಬಿ (ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ) ಹೇಳುವ ಮದ್ದು ಗೊತ್ತು: 250 ಗ್ರಾಂ ಲೋಳೆಸರ, 50 ಗ್ರಾಂ ಅರಿಶಿಣ ಪುಡಿ, 15 ಗ್ರಾಂ ಸುಣ್ಣ. ರುಬ್ಬಿದರೆ ಕೆಂಪಗಾಗುತ್ತದೆ. ಹಾಲು ಪೂರ್ತಿ ಹಿಂಡಿ, ಕೆಚ್ಚಲು ತೊಳೆದು, ಇದನ್ನು ನೀರಲ್ಲಿ ತೆಳ್ಳಗೆ ಕಲಸಿ ದಿನಕ್ಕೆ 8-10 ಸಲ ಹಚ್ಚಬೇಕು. ಜೊತೆಗೆ ದಿನಾ ಎರಡು ನಿಂಬೆಹಣ್ಣು ತಿನ್ನಿಸಬೇಕು.

ನಿಜವಾಗಿ ಮಾಡಿದವರು ಹೇಳಿ: ಎಷ್ಟು ದಿನಕ್ಕೆ ಗರಣೆ ನಿಂತಿತು? ಎಲೆ ಅಡಿಕೆ ಸುಣ್ಣವೇ ಸಾಕಾ? ಚರ್ಮ ಉರಿಯಲಿಲ್ವಾ? ಹಗಲು ನಾವಿಬ್ಬರೂ ಗದ್ದೆಯಲ್ಲಿರುತ್ತೇವೆ, ಅಷ್ಟು ಸಲ ಹಚ್ಚೋದು ಹೇಗೆ ಹೊಂದಿಸಿಕೊಂಡಿರಿ?

ಡಾಕ್ಟರನ್ನು ಬಿಡುವುದಿಲ್ಲ. ಜ್ವರ ಬಂದರೆ, ಮೇವು ಬಿಟ್ಟರೆ ತಕ್ಷಣ ಕರೆಸುತ್ತೇನೆ. ಹಾಲಿನ ಕಲ್ಚರ್ ಟೆಸ್ಟ್ (ಹಾಲಲ್ಲಿ ಯಾವ ರೋಗಾಣು ಇದೆ ಅಂತ ನೋಡುವ ಪರೀಕ್ಷೆ) ಮಂಡ್ಯದ ಹತ್ತಿರ ಎಲ್ಲಿ ಮಾಡ್ತಾರೆ ಅಂತಲೂ ತಿಳಿಸಿ. ಯಾವ ಔಷಧಕ್ಕೆ ಬಗ್ಗುತ್ತದೆ ಅಂತ ಗೊತ್ತಾಗದೆ ಸುಮ್ನೆ ಟ್ಯೂಬ್ ಬದಲಿಸೋದು ಬೇಡ ಅಲ್ವಾ?