ಹೋರಿ ಹಬ್ಬಕ್ಕೆ ಅನುಮತಿ: ತಿಳಿದವರು ದಯವಿಟ್ಟು ಸಹಾಯ ಮಾಡಿ

ಎಲ್ಲರಿಗೂ ನಮಸ್ಕಾರ. ನಮ್ಮದು ಹಾವೇರಿ ಜಿಲ್ಲೆಯ ಒಂದು ಹಳ್ಳಿ. ದೀಪಾವಳಿಯ ನಂತರ ಊರಿನಲ್ಲಿ ಹೋರಿ ಹಬ್ಬ, ಅಂದರೆ ಹೋರಿ ಬೆದರಿಸುವ ಸ್ಪರ್ಧೆ ನಡೆಸಬೇಕೆಂದಿದ್ದೇವೆ. ನಮ್ಮ ಮನೆಯ ಹೋರಿಗೆ ಅಪ್ಪ ಈಗಾಗಲೇ ಕೊಬ್ಬರಿ ಸರ ಪೋಣಿಸುತ್ತಿದ್ದಾರೆ. ಕೊರಳಿಗೆ ಗೆಜ್ಜೆ ಕಟ್ಟಿದರೆ ಸಾಕು, ಅದು ಕಿವಿ ನಿಮಿರಿಸಿ ಅಖಾಡದ ದಾರಿಯತ್ತಲೇ ನೋಡುತ್ತದೆ.

ಅನುಮತಿಗಾಗಿ ತಾಲ್ಲೂಕು ಕಚೇರಿಗೆ ಹೋದಾಗ ಪೊಲೀಸರನ್ನು ಕೇಳಿ ಎಂದರು, ಠಾಣೆಗೆ ಹೋದರೆ ಜಿಲ್ಲಾಡಳಿತದ ಆದೇಶ ತನ್ನಿ ಎಂದರು. ಮೂರು ವಾರಗಳಿಂದ ಹೀಗೆಯೇ ಅಲೆಯುತ್ತಿದ್ದೇವೆ. ಜನರ ಸುರಕ್ಷತೆಗಾಗಿ ಎರಡೂ ಬದಿ ಬೇಲಿ, ಪಶುವೈದ್ಯರು ಹಾಗೂ ಆಂಬುಲೆನ್ಸ್ ವ್ಯವಸ್ಥೆ ಮಾಡುವುದಾಗಿಯೂ, ಹೋರಿಗೆ ಹೊಡೆಯಲು, ಬಾಲ ತಿರುಚಲು ಯಾರಿಗೂ ಬಿಡುವುದಿಲ್ಲವೆಂದೂ ಅರ್ಜಿಯಲ್ಲಿ ಬರೆದುಕೊಟ್ಟಿದ್ದೇವೆ. ಹೋರಿಯನ್ನು ಮಗನಂತೆ ಸಾಕಿದವರಿಗೆ ಅದರ ನೋವು ಬೇಡವೇ ಬೇಡ.

ಗೊಂದಲ ಇರುವುದು ಕಾನೂನಿನಲ್ಲಿ. 2014ರಲ್ಲಿ ಸುಪ್ರೀಂ ಕೋರ್ಟ್ ಜಲ್ಲಿಕಟ್ಟು ಮತ್ತು ಎತ್ತಿನ ಗಾಡಿ ಓಟಗಳನ್ನು ತಡೆದ ಮೇಲೆ, ಕರ್ನಾಟಕವು ಪ್ರಾಣಿ ಹಿಂಸೆ ತಡೆ ಕಾಯ್ದೆಗೆ 2017ರ ತಿದ್ದುಪಡಿ ತಂದಿತು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು ತಮಿಳುನಾಡು, ಮಹಾರಾಷ್ಟ್ರಗಳ ತಿದ್ದುಪಡಿಗಳೊಂದಿಗೆ ಅದನ್ನೂ ಎತ್ತಿಹಿಡಿಯಿತು. ಆದರೆ ನಮ್ಮ ತಿದ್ದುಪಡಿ ಅವಕಾಶ ಕೊಟ್ಟಿರುವುದು ಕಂಬಳ, ಹೋರಿ ಓಟ ಮತ್ತು ಎತ್ತಿನ ಗಾಡಿ ಓಟಕ್ಕೆ. ಹೋರಿ ಹಬ್ಬದಲ್ಲಿ ಗಾಡಿಯಿಲ್ಲ, ಜೋಡಿ ಹೋರಿಗಳ ಪೈಪೋಟಿಯೂ ಇಲ್ಲ. ಒಂದೊಂದೇ ಹೋರಿ ಓಡುತ್ತದೆ, ಯುವಕರು ಕೊಬ್ಬರಿ ಹರಿಯಲು ಯತ್ನಿಸುತ್ತಾರೆ.

ಹಾಗಾದರೆ ಇದು 'ಹೋರಿ ಓಟ' ಎಂಬ ಪದದೊಳಗೆ ಬರುತ್ತದೆಯೇ? ಬರುವುದಾದರೆ ಲಿಖಿತ ಅನುಮತಿ ಕೊಡಬೇಕಾದ ಅಧಿಕಾರಿ ಯಾರು? ಅನುಮತಿ ಪಡೆದು ನಡೆಸಿದವರು ಇದ್ದರೆ, ಅರ್ಜಿಯೊಂದಿಗೆ ಯಾವ ದಾಖಲೆ ಲಗತ್ತಿಸಿದಿರಿ ಎಂಬುದನ್ನು ದಯವಿಟ್ಟು ತಿಳಿಸುವಿರಾ?