ಅಪ್‌ಡೇಟ್: ಮಗಳನ್ನು ಸರ್ಕಾರಿ ಶಾಲೆಗೇ ಸೇರಿಸಿದೆವು

ಮಗಳನ್ನು ಆರನೇ ಕ್ಲಾಸಿಗೆ ಊರಿನ ಸರ್ಕಾರಿ ಶಾಲೆಗೆ ಸೇರಿಸಲಾ ಬೇಡವಾ ಅಂತ ಮೇ ತಿಂಗಳಲ್ಲಿ ಕೇಳಿದ್ದೆ. ನಾವಿರುವುದು ತೀರ್ಥಹಳ್ಳಿ ಕಡೆ. ಅರ್ಧ ಜನ ‘ಬೇಡವೇ ಬೇಡ’ ಅಂದಿರಿ, ಇನ್ನರ್ಧ ಜನ ‘ಕಣ್ಣು ಮುಚ್ಚಿ ಸೇರಿಸಿ’ ಅಂದಿರಿ. ಸೇರಿಸಿದೆವು.

ಗಣಿತದ ಮೇಷ್ಟ್ರನ್ನು ಹೊಗಳಿದವರ ಮಾತು ನಿಜ. ಭಿನ್ನರಾಶಿ ಹೇಳಿಕೊಡಲು ಅಡಿಕೆ ಹೋಳು ತಂದಿದ್ದರಂತೆ. ಮಗಳು ಸಂಜೆ ಅಜ್ಜಿಯ ಎಲೆಅಡಿಕೆ ಕವಳದ ತಟ್ಟೆಯನ್ನೇ ಖಾಲಿ ಮಾಡಿ, ಕಾಲು, ಮುಕ್ಕಾಲು ಅಂತ ಲೆಕ್ಕ ಒಪ್ಪಿಸಿದಳು. ಅಜ್ಜಿಗೆ ಕೋಪ!

ಇಂಗ್ಲಿಷ್ ಬಗ್ಗೆ ಹೆದರಿಸಿದವರೂ ಸರಿಯೇ. ಅತಿಥಿ ಶಿಕ್ಷಕರು ಬಂದಿದ್ದೇ ಜುಲೈ ಕೊನೆಗೆ. ಹೆಂಚು ಬೇರೆ ಸೋರುತ್ತದೆ. ನಮ್ಮ ಕಡೆ ಮಳೆ ಅಂದರೆ ಸುಮ್ನೆ ಅಲ್ಲ, ಬಕೆಟ್ ಇಟ್ಟುಕೊಂಡೇ ಪಾಠ. ಬಿಸಿಯೂಟದ ಜೊತೆ ಕೊಡುವ ಮೊಟ್ಟೆ ವಿಷಯಕ್ಕೆ ಜಾಸ್ತಿ ಜಗಳ ಆಡಿದಿರಿ ಅಲ್ವಾ? ತಿನ್ನದವರಿಗೆ ಬಾಳೆಹಣ್ಣು ಕೊಡುತ್ತಾರೆ, ಅಷ್ಟೇ.

ನಮ್ಮ ಮನೆಯವರು ಈಗ ಎಸ್‌ಡಿಎಂಸಿ (ಶಾಲೆ ನೋಡಿಕೊಳ್ಳುವ ಪೋಷಕರ ಸಮಿತಿ) ಸಭೆಗೆ ಹೋಗುತ್ತಿದ್ದಾರೆ. ಹೆಂಚಿನ ಅರ್ಜಿ ಕೊಟ್ಟಾಗಿದೆ.