ಪದಚರ್ಚೆ: ಕರ್ನೆಲ್‌ನ ‘ಶೇರ್ಡ್ ಮೆಮೊರಿ’ಗೆ ‘ಹಂಚಿಕೆ’ ಒಗ್ಗುತ್ತದೆಯೇ?

ಎಲ್ಲರಿಗೂ ನಮಸ್ಕಾರ,

ಲಿನಕ್ಸ್ ಕರ್ನೆಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಬಗ್ಗೆ ಕನ್ನಡದಲ್ಲಿ ಪಾಠದ ಟಿಪ್ಪಣಿ ಬರೆಯುತ್ತಿದ್ದೇನೆ. ಓದುವವರು ಡಿಪ್ಲೊಮಾ ಹುಡುಗ ಹುಡುಗಿಯರು. ಸಿ ಭಾಷೆಯಲ್ಲಿ ಪ್ರೋಗ್ರಾಮ್ ಬರೆಯುತ್ತಾರೆ, ಇಂಗ್ಲಿಷಿನ ದಪ್ಪ ಪುಸ್ತಕ ಕಂಡರೆ ಮಾತ್ರ ಹಿಂಜರಿಯುತ್ತಾರೆ. ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಮ್), ಮೆಮೊರಿ, ಕರ್ನೆಲ್ ಇವನ್ನೆಲ್ಲ ಹಾಗೇ ಇಟ್ಟುಕೊಂಡಿದ್ದೇನೆ. ಅವರ ಬಾಯಲ್ಲಿ ಆಗಲೇ ಇರುವ ಪದಗಳವು, ಅದರಲ್ಲಿ ತಕರಾರಿಲ್ಲ. ನಾನು ಸಿಕ್ಕಿಹಾಕಿಕೊಂಡಿರುವುದು ‘ಶೇರ್ಡ್ ಮೆಮೊರಿ’ಯಲ್ಲಿ (ಒಂದಕ್ಕಿಂತ ಹೆಚ್ಚು ಪ್ರೋಸೆಸ್‌ಗಳು ಕೂಡಿ ಬಳಸುವ ಮೆಮೊರಿ), ಅದರಲ್ಲೂ ‘ಶೇರ್ಡ್’ ಅನ್ನುವ ಅರ್ಧದಲ್ಲಿ.

ಸಾಮಾನ್ಯವಾಗಿ ಇದಕ್ಕೆ ಹೊಳೆಯುವುದು ‘ಹಂಚಿಕೆಯ ಸ್ಮೃತಿ’, ‘ಹಂಚಿದ ನೆನಪು’, ‘ಹಂಚಿಕೊಂಡ ಮೆಮೊರಿ’. ನೆನಪು ಅಂತೂ ಬೇಡವೇ ಬೇಡ. ‘ಹಂಚಿದ ನೆನಪು’ ಅಂದರೆ ಹಳೇ ವಿದ್ಯಾರ್ಥಿಗಳ ಸಂಘದ ಸ್ಮರಣಸಂಚಿಕೆಯ ಹೆಸರಿನ ಹಾಗಿದೆ. ಅದನ್ನು ಬಿಡಿ, ‘ಹಂಚು’ ಅನ್ನುವ ಕ್ರಿಯಾಪದವೇ ಇಲ್ಲಿ ದಾರಿ ತಪ್ಪಿಸುತ್ತದೆ ಅಂತ ನನ್ನ ಅನಿಸಿಕೆ.

ಹಂಚಿಕೆ ಅಂದರೆ ನಮ್ಮ ಕಿವಿಗೆ ಮೊದಲು ಕೇಳುವುದು ಭಾಗ ಮಾಡಿ ಕೊಡುವುದು. ಸೈಟು ಹಂಚಿಕೆ, ಖಾತೆ ಹಂಚಿಕೆ, ಪಕ್ಷಗಳ ನಡುವೆ ಸೀಟು ಹಂಚಿಕೆ. ಕಾವೇರಿ ನೀರಿನ ಹಂಚಿಕೆಯನ್ನೇ ನೋಡಿ. 2018ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ ಕರ್ನಾಟಕಕ್ಕೆ 284.75 ಟಿಎಂಸಿ, ತಮಿಳುನಾಡಿಗೆ 404.25 ಟಿಎಂಸಿ. ಒಬ್ಬರ ಲೆಕ್ಕಕ್ಕೆ ಹೋದದ್ದು ಇನ್ನೊಬ್ಬರ ಲೆಕ್ಕಕ್ಕೆ ಬರುವುದಿಲ್ಲ. ಶೇರ್ಡ್ ಮೆಮೊರಿಯಲ್ಲಿ ಆಗುವುದು ಇದರ ಉಲ್ಟಾ. 4096 ಬೈಟಿನ ಒಂದು ಪುಟವನ್ನು (ಪೇಜ್, ಅಂದರೆ ಕರ್ನೆಲ್ ಲೆಕ್ಕ ಇಡುವ ಮೆಮೊರಿಯ ತುಂಡು) ಎರಡು ಪ್ರೋಸೆಸ್‌ಗಳು ಶೇರ್ ಮಾಡಿದರೆ ತಲಾ 2048 ಬೈಟ್ ಸಿಗುವುದಿಲ್ಲ. ಎರಡಕ್ಕೂ ಪೂರ್ತಿ 4096 ಸಿಗುತ್ತದೆ, ಒಂದು ಬರೆದದ್ದು ಇನ್ನೊಂದಕ್ಕೆ ಕಾಣುತ್ತದೆ.

‘ಹಂಚಿಕೊಳ್ಳು’ ಅಂದರೆ ಬೇರೆ ಅರ್ಥವೂ ಇದೆಯಲ್ಲ ಅಂತ ನೀವು ಕೇಳಬಹುದು. ಇದೆ. ದುಃಖ ಹಂಚಿಕೊಳ್ಳುತ್ತೇವೆ, ಸುದ್ದಿ ಹಂಚಿಕೊಳ್ಳುತ್ತೇವೆ, ಈಗ ಫೋಟೋ ಕೂಡ. ಆದರೆ ಅದೂ ಇಲ್ಲಿಗೆ ಸರಿಹೋಗುವುದಿಲ್ಲ. ವಾಟ್ಸಾಪ್‌ನಲ್ಲಿ ನಾನು ಹಂಚಿಕೊಂಡ ಫೋಟೋಗೆ ನೀವು ಮೀಸೆ ಬರೆದರೆ ನನ್ನ ಫೋನಿನಲ್ಲಿರುವ ಫೋಟೋಗೆ ಮೀಸೆ ಬರುವುದಿಲ್ಲ. ನಿಮ್ಮ ಹತ್ತಿರ ಇರುವುದು ಇನ್ನೊಂದು ಪ್ರತಿ. ಕರ್ನೆಲ್ ಭಾಷೆಯಲ್ಲಿ ಹೇಳುವುದಾದರೆ ಅದು ಪೈಪ್, ಸಾಕೆಟ್‌ಗಳ ಕೆಲಸ: ಈ ಕಡೆಯಿಂದ ಆ ಕಡೆಗೆ ಬೈಟುಗಳನ್ನು ಸಾಗಿಸುವುದು. ಶೇರ್ಡ್ ಮೆಮೊರಿಯ ಮುಖ್ಯ ಲಾಭವೇ ಈ ಸಾಗಾಟ ಇಲ್ಲದಿರುವುದು.

ಇನ್ನೊಂದು ಗಲಾಟೆ ಅಲೊಕೇಶನ್ ಜೊತೆ. ಮೆಮೊರಿ ಅಲೊಕೇಶನ್‌ಗೆ ‘ಮೆಮೊರಿ ಹಂಚಿಕೆ’ ಅಂತ ಕನ್ನಡದಲ್ಲಿ ಸಹಜವಾಗಿಯೇ ಬರುತ್ತದೆ, ಅರ್ಥವೂ ಸರಿ. ಕರ್ನೆಲ್ ಹತ್ತಿರ ಇರುವ ಪುಟಗಳನ್ನು ಕೇಳಿದವರಿಗೆ ಅಳೆದು ಕೊಡುತ್ತದೆ. ಶೇರ್ಡ್‌ಗೂ ಅದೇ ಪದ ಬಳಸಿದರೆ ‘ಹಂಚಿಕೆಯ ಮೆಮೊರಿಯ ಹಂಚಿಕೆ’ ಅಂತ ಬರೆಯಬೇಕಾಗುತ್ತದೆ. ಒಂದು ಕಡೆ ನಿಜವಾಗಿಯೂ ಹಾಗೆ ಬರೆದು, ಓದಿ, ಅಳಿಸಿದೆ.

ಇಷ್ಟೇ ಆಗಿದ್ದರೆ ಬೇರೆ ಪದ ಹುಡುಕಿ ಸುಮ್ಮನಾಗುತ್ತಿದ್ದೆ. ನಿಜವಾದ ಸಿಕ್ಕು ಇರುವುದು ಇನ್ನೂ ಒಳಗೆ. ಕರ್ನೆಲ್‌ನಲ್ಲೇ ‘ಶೇರ್ಡ್’ ಎರಡು ಬೇರೆ ಅರ್ಥಗಳಲ್ಲಿ ಓಡಾಡುತ್ತದೆ. ಕಂಪ್ಯೂಟರ್ ಕಡೆಯವರಲ್ಲದವರೂ ಇಲ್ಲಿದ್ದೀರಿ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಒಂದು ಪ್ರೋಸೆಸ್ ‘ಎಂಮ್ಯಾಪ್’ ಅನ್ನುವ ಕರೆಯಿಂದ ಒಂದು ಪುಟ ಕೇಳುತ್ತದೆ. ಕೇಳುವಾಗಲೇ ‘ಮ್ಯಾಪ್ ಶೇರ್ಡ್’ ಅಥವಾ ‘ಮ್ಯಾಪ್ ಪ್ರೈವೇಟ್’ ಅಂತ ಹೇಳಬೇಕು. ಅದರಲ್ಲಿ 5 ಅಂತ ಬರೆಯುತ್ತದೆ. ಆಮೇಲೆ ‘ಫೋರ್ಕ್’ ಮಾಡುತ್ತದೆ, ಅಂದರೆ ತನ್ನ ಹಾಗೇ ಇರುವ ಒಂದು ಮಗು ಪ್ರೋಸೆಸ್ ಹುಟ್ಟಿಸುತ್ತದೆ. ಮಗು ಆ ಪುಟದಲ್ಲಿ 7 ಅಂತ ಬರೆಯುತ್ತದೆ. ಈಗ ತಾಯಿ ಓದಿದರೆ? ಶೇರ್ಡ್ ಅಂತ ಕೇಳಿದ್ದರೆ 7 ಕಾಣುತ್ತದೆ. ಪ್ರೈವೇಟ್ ಅಂತ ಕೇಳಿದ್ದರೆ ಇನ್ನೂ 5 ಇರುತ್ತದೆ.

ಇಲ್ಲಿಯವರೆಗೆ ಸಲೀಸು. ಆದರೆ ಪ್ರೈವೇಟ್ ಪುಟವನ್ನು ಕರ್ನೆಲ್ ಫೋರ್ಕ್ ಆದ ತಕ್ಷಣ ಎರಡು ಮಾಡುವುದಿಲ್ಲ. ಇಬ್ಬರ ಪೇಜ್ ಟೇಬಲ್‌ಗಳೂ (ಯಾವ ವಿಳಾಸಕ್ಕೆ ಯಾವ ಪುಟ ಅನ್ನುವ ಪಟ್ಟಿಗಳು) ಅದೇ ಒಂದು ಪುಟದ ಕಡೆ ಕೈ ತೋರಿಸುತ್ತವೆ, ಬರೆಯುವ ಅನುಮತಿ ಮಾತ್ರ ಇಬ್ಬರಿಂದಲೂ ತೆಗೆದಿರುತ್ತದೆ. ಯಾರಾದರೂ ಬರೆಯಲು ಹೋದಾಗ ಸಿಪಿಯು ತಡೆದು ಕರ್ನೆಲ್ ಅನ್ನು ಕರೆಯುತ್ತದೆ. ಆಗ ಕರ್ನೆಲ್ 4096 ಬೈಟುಗಳ ಪ್ರತಿ ಮಾಡಿ ಬರೆದವರಿಗೆ ಬೇರೆ ಪುಟ ಕೊಡುತ್ತದೆ. ಇದೇ ‘ಕಾಪಿ ಆನ್ ರೈಟ್’.

ಈಗ ಈ ಪ್ರೋಸೆಸ್‌ನ ‘ಎಸ್‌ಮ್ಯಾಪ್ಸ್’ ಫೈಲ್ ತೆಗೆದು ನೋಡಿ. ಯಾವ ಪುಟ ಎಲ್ಲಿದೆ, ಹೇಗಿದೆ ಅಂತ ಕರ್ನೆಲ್ ಅಲ್ಲಿ ಲೆಕ್ಕ ಕೊಡುತ್ತದೆ. ಮಗು ಇನ್ನೂ ಏನೂ ಬರೆಯದಿರುವಾಗ, ಪ್ರೈವೇಟ್ ಅಂತ ಕೇಳಿದ ಆ ಪುಟ ಅಲ್ಲಿ ‘ಶೇರ್ಡ್ ಡರ್ಟಿ’ 4 ಕೆಬಿ ಅಂತ ಕಾಣುತ್ತದೆ (‘ಡರ್ಟಿ’ ಅಂದರೆ ಬರೆದು ಬದಲಾದ ಪುಟ). ಹಾಗೇ ಶೇರ್ಡ್ ಅಂತ ಕೇಳಿ ಪಡೆದ ಪುಟವನ್ನು ಸದ್ಯಕ್ಕೆ ಒಂದೇ ಪ್ರೋಸೆಸ್ ಮುಟ್ಟಿದ್ದರೆ, ಮೇಲಿನ ಸಾಲಿನಲ್ಲಿ ಶೇರ್ಡ್ ಅಂತ ತೋರಿಸುವ ‘ಎಸ್’ ಅಕ್ಷರ ಇರುತ್ತದೆ, ಕೆಳಗಿನ ಲೆಕ್ಕದಲ್ಲಿ ‘ಪ್ರೈವೇಟ್ ಡರ್ಟಿ’ 4 ಕೆಬಿ ಅಂತ ಇರುತ್ತದೆ! ಒಂದೇ ಪುಟ, ಒಂದೇ ಫೈಲ್, ಮೇಲೆ ಶೇರ್ಡ್, ಕೆಳಗೆ ಪ್ರೈವೇಟ್. ಮೊದಲ ಸಲ ನೋಡಿದವರು ಕಂಗಾಲಾಗುತ್ತಾರೆ. ಇದು ಬಗ್ ಅಲ್ಲ, ಕರ್ನೆಲ್‌ನ ದಾಖಲೆಯಲ್ಲೇ ಹೀಗೆ ಅಂತ ಹೇಳಿದೆ. ಮೇಲಿನದು ಒಪ್ಪಂದ: ಬರೆದರೆ ಎಲ್ಲರಿಗೂ ಕಾಣಬೇಕು ಅಂತ ಕೇಳಿದ್ದೀರಾ? ಕೆಳಗಿನದು ಈ ಕ್ಷಣದ ತಲೆ ಎಣಿಕೆ: ಈ ಪುಟದ ಕಡೆ ಕೈ ತೋರಿಸುತ್ತಿರುವವರು ಒಬ್ಬರಾ, ಜಾಸ್ತಿ ಜನರಾ?

ಪಹಣಿ ನೋಡಿ ಗೊತ್ತಿರುವವರಿಗೆ ಇದು ಹೊಸದಲ್ಲ. ಕಾಗದದಲ್ಲಿ ಅಣ್ಣತಮ್ಮಂದಿರ ಹೆಸರು ಜಂಟಿ, ಹೊಲದಲ್ಲಿ ಉಳುವವನು ಒಬ್ಬನೇ. ಇನ್ನೊಂದು ಕಡೆ ಪೋಡಿಯಾಗಿ ಹೆಸರು ಬೇರೆ ಬೇರೆ, ಉಳುಮೆ ಮಾತ್ರ ಇನ್ನೂ ಒಟ್ಟಿಗೇ. ಎರಡಕ್ಕೂ ನಾವು ಒಂದೇ ಮಾತು ಹೇಳುವುದಿಲ್ಲ, ಅಲ್ವಾ? ಇಂಗ್ಲಿಷಿನವರು ಎರಡಕ್ಕೂ ಒಂದೇ ಪದ ಇಟ್ಟುಕೊಂಡು ಒದ್ದಾಡುತ್ತಿದ್ದಾರೆ. ನಾವು ಈಗಷ್ಟೇ ಪದ ಕಟ್ಟುತ್ತಿದ್ದೇವೆ, ಆ ಗೊಂದಲವನ್ನೂ ಸೇರಿಸಿ ಯಾಕೆ ತರಬೇಕು?

ಹಾಗಾಗಿ ಒಪ್ಪಂದದ ಅರ್ಥದ ಶೇರ್ಡ್‌ಗೆ ‘ಜಂಟಿ ಮೆಮೊರಿ’ ಅಂತ ಬರೆಯುತ್ತಿದ್ದೇನೆ. ಬ್ಯಾಂಕಿನ ಜಂಟಿ ಖಾತೆಯಲ್ಲಿ ದುಡ್ಡು ಅರ್ಧರ್ಧ ಅಲ್ಲ, ಇಬ್ಬರಿಗೂ ಪೂರ್ತಿ ಖಾತೆ ಕಾಣುತ್ತದೆ. ಜಂಟಿ ಅಂದರೆ ಇಬ್ಬರೇ ಅಂತ ಯಾರಾದರೂ ಆಕ್ಷೇಪ ಎತ್ತಬಹುದು. ಜಂಟಿ ಸದನ ಸಮಿತಿಯಲ್ಲಿ ಎಷ್ಟೊಂದು ಜನ ಇರುತ್ತಾರೆ, ಆದ್ದರಿಂದ ಅದು ನಿಲ್ಲುವುದಿಲ್ಲ. ‘ಸಾರ್ವಜನಿಕ’ ಬೇಡ, ಏಕೆಂದರೆ ಈ ಮೆಮೊರಿಗೂ ಫೈಲ್‌ಗಳ ಹಾಗೆ ಅನುಮತಿ ಇರುತ್ತದೆ, ಬಂದವರೆಲ್ಲ ಒಳಗೆ ಬರುವಂತಿಲ್ಲ. ‘ಸಾಮಾನ್ಯ’ ಅಂದರೆ ವಿಶೇಷ ಏನೂ ಇಲ್ಲದ್ದು ಅಂತಾಗುತ್ತದೆ. ಪ್ರೈವೇಟ್‌ಗೆ ‘ಖಾಸಗಿ’ಗಿಂತ ‘ಸ್ವಂತ’ ವಾಸಿ, ಗುಟ್ಟು ಅನ್ನುವ ಛಾಯೆ ಇರುವುದಿಲ್ಲ.

ಹಳೆಯ ಸಿಸ್ಟಮ್ ಫೈವ್ (ಯುನಿಕ್ಸ್‌ನ ಒಂದು ಹಳೆಯ ಆವೃತ್ತಿ) ಶೈಲಿಯ ಮೆಮೊರಿಯಲ್ಲೂ ‘ಜಂಟಿ’ ಚೆನ್ನಾಗಿ ಕೂರುತ್ತದೆ. ‘ಐಪಿಸಿಎಸ್’ ಕಮಾಂಡ್ ಕೊಟ್ಟರೆ ಪ್ರತಿ ತುಂಡಿಗೂ ಎಷ್ಟು ಪ್ರೋಸೆಸ್‌ಗಳು ಅಟ್ಯಾಚ್ ಆಗಿವೆ ಅಂತ ಒಂದು ಕಾಲಂ ಬರುತ್ತದೆ. ಅಟ್ಯಾಚ್‌ಗೆ ‘ಜೋಡಿಸು’, ಡಿಟ್ಯಾಚ್‌ಗೆ ‘ಕಳಚು’ ಸಾಕು. ತುಂಡನ್ನು ಅಳಿಸು ಅಂತ ಹೇಳಿದರೂ ಕೊನೆಯವರು ಕಳಚಿಕೊಳ್ಳುವ ತನಕ ಅದು ಹೋಗುವುದಿಲ್ಲ. ಈ ಜೋಡಿಕೆ ಲೆಕ್ಕಕ್ಕೆ ಎಷ್ಟು ಬೆಲೆ ಇದೆ ಅಂದರೆ, ಪೋಸ್ಟ್‌ಗ್ರೆಸ್ ಡೇಟಾಬೇಸ್ 2013ರ 9.3 ಆವೃತ್ತಿಯಲ್ಲಿ ತನ್ನ ದೊಡ್ಡ ಜಂಟಿ ಮೆಮೊರಿಯನ್ನು ಎಂಮ್ಯಾಪ್‌ಗೆ ಸಾಗಿಸಿದರೂ ಒಂದು ಪುಟ್ಟ ಸಿಸ್ಟಮ್ ಫೈವ್ ತುಂಡನ್ನು ಉಳಿಸಿಕೊಂಡಿತು. ಅದೇ ಡೇಟಾದ ಮೇಲೆ ಹಳೆಯ ಪ್ರೋಸೆಸ್ ಇನ್ನೂ ಕೂತಿದೆಯಾ ಅಂತ ಗೊತ್ತಾಗುವುದು ಆ ಲೆಕ್ಕದಿಂದ.

ಒಂದು ಎಚ್ಚರಿಕೆ. ಜಂಟಿ ಮೆಮೊರಿಯನ್ನು ವಿವರಿಸುವಾಗ ‘ಒಂದೇ ವಿಳಾಸ’ ಅಂತ ಬರೆಯಬೇಡಿ. ಪುಟ ಒಂದೇ, ವಿಳಾಸ ಒಂದೊಂದು ಪ್ರೋಸೆಸ್‌ಗೆ ಒಂದೊಂದು ಇರಬಹುದು. ಅದಕ್ಕೇ ಅದರೊಳಗೆ ಪಾಯಿಂಟರ್, ಅಂದರೆ ವಿಳಾಸ, ಬರೆದಿಟ್ಟರೆ ಆ ಕಡೆಯವರು ಎಲ್ಲೋ ಹೋಗಿ ಬೀಳುತ್ತಾರೆ. ತುಂಡಿನ ಶುರುವಿನಿಂದ ಎಷ್ಟು ದೂರ ಅಂತ ಬರೆದಿಡಬೇಕು.

ಕಾಪಿ ಆನ್ ರೈಟ್‌ಗೆ ‘ಬರೆದಾಗ ನಕಲು’ ಅನ್ನಬಹುದು, ಆದರೆ ನಕಲು ಅಂದ ಕೂಡಲೇ ಪರೀಕ್ಷೆ, ಸ್ಕ್ವಾಡ್ ಎಲ್ಲ ನೆನಪಾಗುತ್ತದೆ. ನನ್ನ ಆಯ್ಕೆ ‘ಬರೆದರೆ ಬೇರೆ’. ಬಾಯಿಗೆ ಹಗುರ, ಆಗುವುದನ್ನೂ ಸರಿಯಾಗಿ ಹೇಳುತ್ತದೆ. “ಆಂಡ್ರಾಯ್ಡ್‌ನಲ್ಲಿ ಆಪ್‌ಗಳೆಲ್ಲ ಝೈಗೋಟ್ ಅನ್ನುವ ಪ್ರೋಸೆಸ್‌ನಿಂದ ಫೋರ್ಕ್ ಆಗಿ ಹುಟ್ಟುತ್ತವೆ, ಅದರ ಪುಟಗಳು ಅವಕ್ಕೆ ‘ಬರೆದರೆ ಬೇರೆ’ ಷರತ್ತಿನಲ್ಲಿ ಸಿಗುತ್ತವೆ.” ವಾಕ್ಯ ನಡೆಯುತ್ತದೆ ಅನಿಸುತ್ತದೆ. “ರೆಡಿಸ್ ಡೇಟಾಬೇಸ್ ತನ್ನ ಡೇಟಾವನ್ನು ಡಿಸ್ಕಿಗೆ ಉಳಿಸಲು ಫೋರ್ಕ್ ಮಾಡುತ್ತದೆ, ಆ ಹೊತ್ತಿನಲ್ಲಿ ತಾಯಿ ಜಾಸ್ತಿ ಬರೆದಷ್ಟೂ ಜಾಸ್ತಿ ಪುಟಗಳು ಬೇರೆಯಾಗಿ ಮೆಮೊರಿ ಏರುತ್ತದೆ.” ಇದೂ ನಡೆಯುತ್ತದೆ.

‘ಪಾಲು’ ಪದವನ್ನು ಒಂದೇ ಕಡೆಗೆ ಮೀಸಲಿಟ್ಟಿದ್ದೇನೆ. ಮೂರು ಪ್ರೋಸೆಸ್‌ಗಳು, ಒಂದೊಂದಕ್ಕೂ ಸ್ವಂತದ್ದು 4 ಎಂಬಿ, ಮೂವರೂ ಕೂಡಿ ಬಳಸುವುದು 12 ಎಂಬಿ ಅಂದುಕೊಳ್ಳಿ. ‘ಆರ್‌ಎಸ್‌ಎಸ್’ (ರೆಸಿಡೆಂಟ್ ಸೆಟ್ ಸೈಜ್) ಲೆಕ್ಕದಲ್ಲಿ ಒಂದೊಂದೂ 16 ಎಂಬಿ, ಕೂಡಿದರೆ 48. ನಿಜವಾಗಿ ಖರ್ಚಾಗಿರುವುದು 24. ‘ಪಿಎಸ್‌ಎಸ್’ (ಪ್ರೊಪೋರ್ಷನಲ್ ಸೆಟ್ ಸೈಜ್) ಲೆಕ್ಕದಲ್ಲಿ 12ನ್ನು ಮೂರು ಭಾಗ ಮಾಡಿ ತಲಾ 4 ಸೇರಿಸುತ್ತಾರೆ, ಆಗ ಒಂದೊಂದಕ್ಕೆ 8, ಒಟ್ಟು 24 ಸರಿಹೋಗುತ್ತದೆ. ಭಾಗ ಮಾಡುವುದು ನಿಜವಾಗಿ ನಡೆಯುವುದು ಇಲ್ಲಿ ಮಾತ್ರ, ಅದೂ ಲೆಕ್ಕದ ಪುಸ್ತಕದಲ್ಲಿ. ಹಾಗಾಗಿ ಪಿಎಸ್‌ಎಸ್‌ಗೆ ‘ಪಾಲುಲೆಕ್ಕ’.

ಉಳಿದಿರುವುದು ತಲೆ ಎಣಿಕೆಯ ಶೇರ್ಡ್. ಯಾವ ಒಪ್ಪಂದವೂ ಇಲ್ಲ, ಸದ್ಯಕ್ಕೆ ಪುಟ ಒಂದೇ ಇದೆ, ಅಷ್ಟೇ. ಇದಕ್ಕೆ ಏನು ಹೇಳೋಣ? ‘ಎರವಲು’ ಅಂತ ಯೋಚಿಸಿದೆ, ಆದರೆ ಎರವಲಿಗೆ ಕೊಟ್ಟವರು, ಪಡೆದವರು ಅಂತ ಇರಬೇಕು. ಇಲ್ಲಿ ಇಬ್ಬರೂ ಸಮ, ಯಾರು ಮೊದಲು ಬರೆಯುತ್ತಾರೋ ಅವರಿಗೆ ಹೊಸ ಪುಟ. ‘ಒಟ್ಟು ಪುಟ’ ಅಂದರೆ ಟೋಟಲ್ ಅಂದುಕೊಳ್ಳುತ್ತಾರೆ. ಕೂಡುಕುಟುಂಬ, ಕೂಡುರಸ್ತೆ ಇವೆಯಲ್ಲ, ಅದರ ಜಾಡಿನಲ್ಲಿ ‘ಕೂಡುಪುಟ’ ಅಂತ ಹಾಕಿದ್ದೇನೆ. ಪೂರ್ತಿ ಸಮಾಧಾನ ಆಗಿಲ್ಲ.

ಅದರಲ್ಲೂ ‘ಕೆಎಸ್‌ಎಂ’ (ಕರ್ನೆಲ್ ಸೇಮ್‌ಪೇಜ್ ಮರ್ಜಿಂಗ್) ಬಂದಾಗ ಕಷ್ಟವಾಗುತ್ತದೆ. ಇದು 2009ರ ಕೊನೆಗೆ ಕರ್ನೆಲ್‌ನ 2.6.32 ಆವೃತ್ತಿಯಲ್ಲಿ ಬಂದದ್ದು. ಒಂದೇ ಯಂತ್ರದಲ್ಲಿ ಹಲವು ವರ್ಚುವಲ್ ಮೆಶಿನ್‌ಗಳು (ಸಾಫ್ಟ್‌ವೇರಿನಲ್ಲೇ ಕಟ್ಟಿದ ಕಂಪ್ಯೂಟರ್‌ಗಳು) ಓಡುವಾಗ ಒಳಗೆ ಒಂದೇ ತರಹ ಇರುವ ಪುಟಗಳನ್ನು ಹುಡುಕಿ, ಒಂದನ್ನು ಇಟ್ಟುಕೊಂಡು ಉಳಿದವನ್ನು ಕೈಬಿಡುತ್ತದೆ. ಅದು ತೋರಿಸುವ ಎರಡು ಅಂಕಿಗಳ ಹೆಸರು ‘ಪೇಜಸ್ ಶೇರ್ಡ್’ ಮತ್ತು ‘ಪೇಜಸ್ ಶೇರಿಂಗ್’. ಹತ್ತು ಮೆಶಿನ್‌ಗಳಲ್ಲಿ ಒಂದೇ ತರಹದ ಒಂದೊಂದು ಪುಟ ಇದ್ದರೆ ಶೇರ್ಡ್ 1, ಶೇರಿಂಗ್ 9. ಮೊದಲನೆಯದು ಉಳಿದ ಪುಟ, ಎರಡನೆಯದು ಅದಕ್ಕೆ ಹೆಚ್ಚಿಗೆ ಬಂದು ಸೇರಿಕೊಂಡವರು, ಅಂದರೆ ಉಳಿತಾಯ. ಇದಕ್ಕೆ ‘ಕೂಡುಪುಟ’, ‘ಕೂಡಿಕೊಂಡವು’ ಅಂತ ಜೋಡಿ ಮಾಡಬಹುದೇ? ಇಲ್ಲಾ ಎರಡನೆಯದಕ್ಕೆ ಸುಮ್ನೆ ‘ಉಳಿಸಿದ ಪುಟಗಳು’ ಅನ್ನುವುದೇ ಮೇಲೋ?

ಉತ್ತರ ಕರ್ನಾಟಕದವರು, ಕರಾವಳಿಯವರು ದಯವಿಟ್ಟು ಹೇಳಿ: ಪಾಲಾಗದೆ, ಕಾಗದವೂ ಆಗದೆ, ಸುಮ್ಮನೆ ಇಬ್ಬರು ಕೂಡಿ ಬಳಸುವ ಬಾವಿಗೋ ಕಣಕ್ಕೋ ನಿಮ್ಮ ಕಡೆ ಏನಾದರೂ ಪದ ಇದೆಯಾ?

ಬರೀ ಪದ ಕಳಿಸಬೇಡಿ, ಈ ಎರಡು ವಾಕ್ಯಗಳಲ್ಲಿ ಇಟ್ಟು ಕಳಿಸಿದರೆ ಅನುಕೂಲ:

“ಮಗು ಬರೆಯುವ ತನಕ ಈ ಪುಟ ತಾಯಿಗೂ ಮಗುವಿಗೂ ____.”

“ಈ ಪ್ರೋಸೆಸ್‌ನ 20 ಎಂಬಿಯಲ್ಲಿ 12 ಎಂಬಿ ____, ಉಳಿದದ್ದು ಸ್ವಂತ.”